ಒಮ್ಮೊಮ್ಮೆ ಕೆಡುವ ಕೀಲಿ

ಪೂರ್ತಿ ಕೆಟ್ಟುಹೋದ ವಸ್ತುವಿಗೆ ಮನೆಯಲ್ಲಿ ಒಂದು ಮರ್ಯಾದೆಯಿದೆ. ಮಿಕ್ಸಿ ತಿರುಗುವುದೇ ಇಲ್ಲವೆಂದರೆ ಯಾರೂ ಎರಡನೆಯ ಮಾತಾಡುವುದಿಲ್ಲ; ಚೀಲಕ್ಕೆ ಹಾಕಿಕೊಂಡು ಹೋಗಿ ರಿಪೇರಿಗೆ ಕೊಟ್ಟು ಬರುತ್ತಾರೆ. ಅದೇ ಮಿಕ್ಸಿ ಮೂರು ದಿನ ತಿರುಗಿ, ನಾಲ್ಕನೆಯ ದಿನ ನಿಂತು, ಯಜಮಾನರು ಬಂದು ಗುಂಡಿ ತಿರುಗಿಸಿದ ಕೂಡಲೇ ಗರ್ರೆಂದಿತೋ, ಕೆಟ್ಟಿರುವುದು ಅದನ್ನು ಮುಟ್ಟಿದ ಕೈ ಎಂದು ತೀರ್ಮಾನವಾಗಿಬಿಡುತ್ತದೆ. "ನೀನು ಸರಿಯಾಗಿ ಹಾಕಿರಲಿಕ್ಕಿಲ್ಲ." ಈ ಮಾತು ಕೇಳದ ಹೆಂಗಸು ನಿಮ್ಮ ಬೀದಿಯಲ್ಲಿದ್ದರೆ ನನಗೊಮ್ಮೆ ತೋರಿಸಿ.

ಕರೆದಾಗ ಎದುರಿಗೆ ತಂದು ನಿಲ್ಲಿಸಲಾಗದ ತೊಂದರೆಯನ್ನು, ಬರೀ ಹೇಳಿದವರ ಮಾತಿನ ಮೇಲೆ ಎಷ್ಟರಮಟ್ಟಿಗೆ ನಂಬಬೇಕು? ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಒಂದು ಹಳೆಯ ಕೀಬೋರ್ಡಿನ ದೆಸೆಯಿಂದ.

ಸಾಗರದ ನಮ್ಮ ಮನೆಯಲ್ಲೇ ಕೂತು ನಾನು ಡಿ.ಟಿ.ಪಿ. ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಶಾಲೆಯ ಸ್ಮರಣ ಸಂಚಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಹೀಗೆ. ಕೀಬೋರ್ಡ್ 1995ರಲ್ಲಿ ಕೊಂಡದ್ದು. ದಪ್ಪ ಗುಂಡು ಪಿನ್ನಿನದು; ಈಗಿನ ಕಂಪ್ಯೂಟರಿಗೆ ಸೇರಿಸಬೇಕಾದರೆ ನಡುವೆ ಇನ್ನೊಂದು ತುಂಡು ಬೇಕು. ಪ್ರತಿ ಕೀಲಿಯ ಕೆಳಗೂ ಅದರದೇ ಸ್ಪ್ರಿಂಗು, ಅದರದೇ ಲೋಹದ ತಗಡು. ಒತ್ತಿದರೆ ಟಕ್ಕೆಂದು ಉತ್ತರ ಕೊಡುತ್ತದೆ. ಮಗ ಎರಡು ಸಲ ಹೊಸದನ್ನು ತಂದುಕೊಟ್ಟ. ಮೆತ್ತಗಿನ ಆ ಕೀಲಿಗಳ ಮೇಲೆ ನನ್ನ ಬೆರಳು ಓಡಲಿಲ್ಲ.

ಒಂದು ಚಳಿಗಾಲದಲ್ಲಿ ಇದು ಒತ್ತಕ್ಷರ ನುಂಗತೊಡಗಿತು. 'ನುಡಿ'ಯಲ್ಲಿ ಬೆರಳಚ್ಚು ಮಾಡುವವರಿಗೆ ಗೊತ್ತು, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಇಂಗ್ಲಿಷಿನ ಎಫ್ ಇರುವ ಕಡೆ ಒತ್ತಿನ ಕೀಲಿ. ಮ ಒತ್ತಿ, ಅದನ್ನು ಒತ್ತಿ, ಮತ್ತೆ ಮ ಒತ್ತಿದರೆ 'ಮ್ಮ'. ನಡುವಿನದು ಕೈಕೊಟ್ಟರೆ ಅಮ್ಮ ಹೋಗಿ 'ಅಮಮ' ಆಗುತ್ತಾಳೆ, ಅಕ್ಕ 'ಅಕಕ' ಆಗುತ್ತಾಳೆ. ಇಡೀ ಕನ್ನಡ ನಿಂತಿರುವುದು ಈ ಒಂದು ಕೀಲಿಯ ಮೇಲೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹತ್ತು ಸಲ ಒತ್ತಿದರೆ ಏಳು ಸಲ ಸರಿ, ಮೂರು ಸಲ ಇಲ್ಲ. ಆ ಮೂರು ಸಲ ಯಾವುದು ಎಂದು ಮಾತ್ರ ಮೊದಲೇ ಹೇಳುವಂತಿಲ್ಲ.

ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಒಳ್ಳೆಯವನೇ. ಎಫ್ ಕೀಲಿಯನ್ನು ಇಪ್ಪತ್ತು ಸಲ ಒತ್ತಿದ, ಇಪ್ಪತ್ತೂ ಬಂತು. "ಸರಿಯಾಗೇ ಇದೆಯಲ್ಲ ಮೇಡಂ" ಎಂದು ಚೀಟಿಯ ಮೇಲೆ 'ದೋಷ ಇಲ್ಲ' ಎಂದು ಬರೆದುಕೊಟ್ಟ. ಮರುದಿನ ಬೆಳಿಗ್ಗೆ ಮತ್ತೆ ಅಮಮ.

ಅಂದಿನಿಂದ ಬರೆದಿಡಲು ಶುರುಮಾಡಿದೆ. ಯಾವ ಹೊತ್ತು, ಎಷ್ಟು ಸಲ, ಬಿಸಿಲೋ ಮಂಜೋ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಗ ತಂದ ಹೊಸ ಕೀಬೋರ್ಡನ್ನು ಅದೇ ಕಂಪ್ಯೂಟರಿಗೆ ಹಾಕಿ ನೋಡಿದೆ, ತೊಂದರೆ ಇಲ್ಲ. ಅಂದರೆ ಕಂಪ್ಯೂಟರು, ತಂತ್ರಾಂಶ ಎರಡೂ ನಿರಪರಾಧಿಗಳು. ಹಳೆಯದರ ವೈರನ್ನು ಅಲ್ಲಾಡಿಸಿದೆ. ವೈರಿನೊಳಗೆ ಎಳೆ ತುಂಡಾಗಿದ್ದರೆ ಕೀಬೋರ್ಡಿಗೆ ಕೀಬೋರ್ಡೇ ಮೂಕವಾಗಬೇಕು, ಆಗಲಿಲ್ಲ. ಕೀಲಿಗಳನ್ನು ಒಳಗೆ ಜೋಡಿಸಿರುವುದು ಮಗ್ಗದ ಹಾಸುಹೊಕ್ಕಿನ ಹಾಗೆ, ಅಡ್ಡ ಒಂದಿಷ್ಟು ದಾರಿ, ಉದ್ದ ಒಂದಿಷ್ಟು ದಾರಿ, ಅವು ಸೇರುವಲ್ಲಿ ಒಂದೊಂದು ಕೀಲಿ. ಒಂದು ದಾರಿಯೇ ಕಡಿದಿದ್ದರೆ ಆ ಸಾಲಿನ ಹಲವು ಕೀಲಿಗಳು ಒಟ್ಟಿಗೆ ಸಾಯುತ್ತವೆ. ನನ್ನದರಲ್ಲಿ ಕೆಟ್ಟದ್ದು ಒಂದೇ. ತಗಡಿನ ಮೇಲೆ ಕೊಳೆ ಕೂತಿದ್ದರೆ ಕೆಲವೊಮ್ಮೆ ಒಂದೇ ಒತ್ತಿಗೆ ಅಕ್ಷರ ಎರಡೆರಡು ಬೀಳುವುದುಂಟು, ಅದೂ ಇರಲಿಲ್ಲ.

ಹದಿನೈದು ದಿನದ ಪಟ್ಟಿ ನೋಡಿದಾಗ ಒಂದು ವಿಷಯ ಎದ್ದು ಕಂಡಿತು. ಕೈಕೊಟ್ಟದ್ದೆಲ್ಲ ಬೆಳಿಗ್ಗೆ ಒಂಬತ್ತರ ಒಳಗೆ. ಹನ್ನೊಂದರ ನಂತರ ಒಂದೂ ಇಲ್ಲ. ಅಂಗಡಿ ಬಾಗಿಲು ತೆಗೆಯುವುದೇ ಹತ್ತೂವರೆಗೆ, ಅಲ್ಲಿಗೆ ಅದು ಹೋದದ್ದು ಬಿಸಿಲಿನಲ್ಲಿ ಸ್ಕೂಟರಿನ ಮುಂದೆ ಕೂತು! ಇಪ್ಪತ್ತಕ್ಕೆ ಇಪ್ಪತ್ತು ಬಂದದ್ದರಲ್ಲಿ ಆಶ್ಚರ್ಯವೇನು?

ಪಟ್ಟಿ ತೆಗೆದುಕೊಂಡೇ ಹೋದೆ. "ರಾತ್ರಿ ಇಲ್ಲೇ ಇರಲಿ. ಬೆಳಿಗ್ಗೆ ಬಂದವನೇ, ದೇವರಿಗೆ ಊದುಬತ್ತಿ ಹಚ್ಚುವುದಕ್ಕೂ ಮೊದಲು ಇದನ್ನು ಒತ್ತಿ ನೋಡಪ್ಪ" ಎಂದೆ. ಅವನು ನಗಲಿಲ್ಲ, ಪಟ್ಟಿಯನ್ನು ಕೂತು ಓದಿದ. ಮಾರನೆಯ ದಿನ ಎಂಟೂವರೆಗೇ ಅಂಗಡಿ ತೆಗೆದು ಫೋನ್ ಮಾಡಿದ: "ಮೇಡಂ, ಬರ್ತಾ ಇಲ್ಲ!" ಆ ಹುಡುಗನ ದನಿಯಲ್ಲಿ ಅಷ್ಟು ಸಂತೋಷ. ಬಿಚ್ಚಿ ಭೂತಗನ್ನಡಿ ಹಿಡಿದಾಗ ಆ ಕೀಲಿಯ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಂಥ ಉಂಗುರದ ಬಿರುಕು. ವರ್ಷಗಟ್ಟಲೆ ಒತ್ತಿ ಒತ್ತಿ ಬಂದದ್ದು. ಚಳಿಗೆ ಕುಗ್ಗಿದಾಗ ಬಿರುಕು ಬಾಯಿ ಬಿಡುತ್ತದೆ, ಕಾವಿಗೆ ಹಿಗ್ಗಿದಾಗ ಮುಚ್ಚಿಕೊಳ್ಳುತ್ತದೆ. ಹೊಸ ಬೆಸುಗೆ ಹಾಕಲು ಎರಡು ನಿಮಿಷ ಹಿಡಿಯಿತು.

ನನಗೆ ಕಾಡಿದ್ದು ಆ ಮೊದಲ ಚೀಟಿ. 'ದೋಷ ಇಲ್ಲ' ಎನ್ನುವುದಕ್ಕೂ 'ನಾನು ನೋಡಿದಾಗ ಕಾಣಲಿಲ್ಲ' ಎನ್ನುವುದಕ್ಕೂ ನಡುವೆ ಎಷ್ಟು ದೂರ! ವಿಮಾನಗಳ ರಿಪೇರಿಯಲ್ಲಿ, ಬಿಚ್ಚಿ ಪರೀಕ್ಷಿಸಿದರೂ ಸರಿಯಾಗೇ ಕಂಡ ಭಾಗಗಳಿಗೆ 'ದೋಷ ಕಂಡುಬಂದಿಲ್ಲ' ಎಂದೇ ಬರೆಯುತ್ತಾರೆ. ಎರಡನೆಯ ಮಾತು ಬಾಗಿಲನ್ನು ತೆರೆದಿಡುತ್ತದೆ. ಮೊದಲನೆಯದು ಬಾಗಿಲು ಹಾಕಿ, ಹೊರಗೆ ನಿಂತವಳನ್ನು ಸುಳ್ಳಿಯನ್ನಾಗಿ ಮಾಡುತ್ತದೆ.

ಹಾಗೆಂದು ಹೇಳಿದ್ದನ್ನೆಲ್ಲ ನಂಬಿ ಕುಣಿಯಲಾದೀತೆ? ಗಿರಾಕಿ ಹೇಳಿದಳೆಂದು ನೂರೊಂದು ಕೀಲಿಗೂ ಬೆಸುಗೆ ಹಾಕುತ್ತ ಕೂತರೆ ಅಂಗಡಿಯವನ ಸಂಸಾರ ನಡೆಯುವುದಿಲ್ಲ. ನಾನು ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ದಿನವೂ ಅದರೊಡನೆ ಇರುವವರು ಹೇಳಿದ್ದನ್ನು ಸಾಕ್ಷಿಯೆಂದು ಪಕ್ಕದಲ್ಲಿಡಿ. ಐದು ನಿಮಿಷ ನೋಡಿದವರ ಕಣ್ಣು ಅದಕ್ಕಿಂತ ಹೆಚ್ಚು ಎಂದು ಮೊದಲೇ ತೂಗಬೇಡಿ. ಇನ್ನೊಂದು ಮಾತು. ಬಿರುಕು ಸಿಕ್ಕಿದ ಮೇಲೆ ನನ್ನನ್ನು ನಂಬಲು ಯಾರಿಗೂ ಕಷ್ಟವಾಗಲಿಲ್ಲ. ಹುಡುಗ ನಂಬಿದ್ದು ಸಿಗುವುದಕ್ಕೂ ಮೊದಲು, ಪಟ್ಟಿ ಓದುವಾಗ. ಬೆಲೆ ಇರುವುದು ಅದಕ್ಕೆ.

ಇದನ್ನೆಲ್ಲ ಇಷ್ಟು ಬೆಳೆಸುತ್ತಿರುವುದು ನಮ್ಮ ಅತ್ತೆಯವರ ಕಾರಣಕ್ಕೆ. ಎರಡು ವರ್ಷದಿಂದ ಅವರಿಗೆ ಆಗಾಗ ಎದೆ ದಡದಡ ಹೊಡೆದುಕೊಳ್ಳುತ್ತದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಿಂತಿರುತ್ತದೆ. ಇ.ಸಿ.ಜಿ. ನೇರ್ಪಾಗಿ ಬರುತ್ತದೆ. "ವಯಸ್ಸಾಯ್ತು, ಯೋಚನೆ ಜಾಸ್ತಿ" ಎಂದು ಡಾಕ್ಟರು. ನೆಂಟರು ಬಂದಾಗಲೇ ಯಾಕೆ ಬರುತ್ತದೆ ಎಂದು ಮನೆಯವರ ಪಿಸುಮಾತು. ಇಂಥವರಿಗಾಗಿಯೇ ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ ಎಂಬವರು, ಓಡಾಡುತ್ತಿರುವಾಗಲೇ ಹೃದಯದ ಬಡಿತ ಬರೆದುಕೊಳ್ಳುವ ಯಂತ್ರ ಮಾಡಿದರು. ಮೊದಮೊದಲು ಅದನ್ನು ಬೆನ್ನಿಗೆ ಹೊರಬೇಕಿತ್ತು, ಸುಮಾರು 38 ಕಿಲೋ ತೂಕ. 1961ರಲ್ಲಿ ಅವರ ಲೇಖನ ಪ್ರಕಟವಾಯಿತು. ಈಗ ಅಂಗೈಯಗಲದ ಪೆಟ್ಟಿಗೆ. ಅತ್ತೆಗೂ ಒಂದು ದಿನ ಕಟ್ಟಿದರು. ಆ ಇಪ್ಪತ್ತನಾಲ್ಕು ಗಂಟೆ ಎದೆ ಹೂವಿನ ಹಾಗಿತ್ತು. "ನನ್ನ ಮರ್ಯಾದೆ ಕಳೀಲಿಕ್ಕೇ ಸುಮ್ಮನಿತ್ತು" ಎಂದರು ಅತ್ತೆ, ನಗಲು ನೋಡುತ್ತ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ ಎಂದು ಅವರಿಗೆ ಪೆನ್ಸಿಲ್ ಕೊಟ್ಟೆ. 'ಬೆಳಗಿನ ಜಾವ, ಹತ್ತು ನಿಮಿಷ.' 'ಮಧ್ಯಾಹ್ನ, ಬಟ್ಟೆ ಒಣಗಿಸುವಾಗ.' ಮೂರು ತಿಂಗಳಿನ ಹಾಳೆ ಹರಿದುಕೊಂಡು ಬೇರೊಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಕನ್ನಡಕ ಏರಿಸಿ ಹಾಲಿನ ಲೆಕ್ಕವನ್ನೂ ಬಿಡದೆ ಓದಿದರು. ತಿಂಗಳಿಗೆ ಆರೇಳು ಸಲ, ಒಂದು ದಿನ ಕಟ್ಟಿದರೆ ಹೇಗೆ ಸಿಕ್ಕೀತು ಎಂದರು. ಏಳು ದಿನ ಕಟ್ಟಿಕೊಂಡಿರುವ ಪೆಟ್ಟಿಗೆ ಬರೆದುಕೊಟ್ಟಿದ್ದಾರೆ. ಇವತ್ತಿಗೆ ನಾಲ್ಕನೆಯ ದಿನ. ಅದರಲ್ಲಿ ಏನೂ ಸಿಗದಿದ್ದರೂ ಕ್ಯಾಲೆಂಡರ್ ನಿಲ್ಲಿಸಬೇಡಿ ಎಂದು ಅತ್ತೆಗೆ ಮೊದಲೇ ಹೇಳಿ ಕಳಿಸಿದ್ದಾರೆ.