ದಿನಚರ್ಯೆಯ ಧರ್ಮ

ದೇಹಪೋಷಣೆ ಸ್ವಾರ್ಥವೇ, ಧರ್ಮವೇ? ‘ಕುಮಾರಸಂಭವ’ದಲ್ಲಿ ಕಠೋರ ತಪಸ್ಸಿನಲ್ಲಿದ್ದ ಪಾರ್ವತಿಗೆ ದೇಹದ ಹಿರಿಮೆಯನ್ನು ನೆನಪಿಸುವವನು ವಟುವೇಷದ ಶಿವನೇ. ಆದರೆ ಯಾರ ದೇಹ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ವಾಗ್ಭಟನ ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದ 2ನೆಯ ಅಧ್ಯಾಯಕ್ಕೆ ದಿನಚರ್ಯೆಯೆಂದೇ ಹೆಸರು. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ದಂತಧಾವನ, ಅಭ್ಯಂಗ, ಅರ್ಧಶಕ್ತಿಯನ್ನು ಮೀರದ ವ್ಯಾಯಾಮ, ಹಿಂದಿನ ಊಟ ಜೀರ್ಣವಾದ ಮೇಲೆ ಹಿತಮಿತವಾದ ಭೋಜನ, ಇವೆಲ್ಲ ಅಲ್ಲಿವೆ. ಅದೇ ಅಧ್ಯಾಯದಲ್ಲಿ, ಜೀವನೋಪಾಯವಿಲ್ಲದವರಿಗೂ ರೋಗಿಗಳಿಗೂ ಶೋಕಾರ್ತರಿಗೂ ಯಥಾಶಕ್ತಿ ನೆರವಾಗಬೇಕೆಂದೂ, ಕೀಟ ಇರುವೆಗಳನ್ನು ಸಹ ತನ್ನಂತೆಯೇ ಕಾಣಬೇಕೆಂದೂ ವಿಧಿಸಿದೆ. ಎಣ್ಣೆಸ್ನಾನಕ್ಕೂ ಕರುಣೆಗೂ ನಡುವೆ ಆಚಾರ್ಯನು ಗೋಡೆ ಕಟ್ಟಲಿಲ್ಲ.

ಮಹಾನಗರದ ಮನೆಯೊಂದನ್ನು ಈ ಅಳತೆಗೋಲಿನಿಂದ ನೋಡಬೇಕು. ಯಜಮಾನರು ಉಷಃಕಾಲದಲ್ಲಿ ಎರಡು ಮೈಲಿ ನಡೆದು ಬರುತ್ತಾರೆ. ಹೊತ್ತಿಗೆ ಸರಿಯಾಗಿ ತಿಂಡಿ, ಕಚೇರಿಗೆ ಡಬ್ಬಿ. ಈ ಶಿಸ್ತಿಗಾಗಿ ಗೃಹಿಣಿ ನಾಲ್ಕಕ್ಕೇ ಎದ್ದಿರುತ್ತಾರೆ. ರಾತ್ರಿ ತಡವಾದ ಲೋಕಲ್‌ನಲ್ಲಿ ಬರುವ ಮಗನಿಗೆ ಬಡಿಸಿ, ತಣ್ಣಗಾದುದನ್ನು ತಾವುಂಡು ಮಲಗುವಾಗ ಹನ್ನೊಂದು ದಾಟಿರುತ್ತದೆ. ಮೊಣಕಾಲು ನೋವೆಂದರೆ, ‘ವಯಸ್ಸಾಯಿತಲ್ಲ’ ಎಂಬ ಉತ್ತರ! ಚರಕಸಂಹಿತೆಯು ಆಹಾರ, ಬ್ರಹ್ಮಚರ್ಯಗಳೊಡನೆ ನಿದ್ರೆಯನ್ನೂ ದೇಹದ ಮೂರು ಉಪಸ್ತಂಭಗಳಲ್ಲಿ ಎಣಿಸಿದೆ; ವಯಸ್ಕರಿಗೆ 7 ಗಂಟೆಯಾದರೂ ನಿದ್ರೆ ಬೇಕೆಂಬುದು ಇಂದಿನ ವೈದ್ಯರ ಮತ. ಒಬ್ಬರ ಆರೋಗ್ಯಕ್ಕೆ ಇನ್ನೊಬ್ಬರ ಸ್ತಂಭವನ್ನು ಕಿತ್ತು ಆಸರೆ ಕೊಟ್ಟಂತಾಯಿತು.

ನವರಾತ್ರಿ ಬಂದರೆ ಈ ಭಾರ ಇನ್ನಷ್ಟು. ಉಪವಾಸವಿದ್ದು ದೇವಿಗೆ ನೈವೇದ್ಯ ಸಿದ್ಧಪಡಿಸುವವರೂ ಅವರೇ. ಬೆಳಗಿನ ಒಲೆಯನ್ನು ಗಂಡನೋ ಮಗನೋ ಹಚ್ಚಿ, ಆಕೆ ಇನ್ನೊಂದು ಗಂಟೆ ನಿದ್ರಿಸಿ, ಸಂಜೆಯ ತಿರುಗಾಟಕ್ಕೂ ಹೊರಟರೆ ಪೂಜೆ ಅರ್ಧ ಗಂಟೆ ತಡವಾದೀತು, ಅಷ್ಟೆ.