ಕಳೆದ ಕಾಲದ ಹಂಬಲವೂ ಕಿವಿಯೊಳಗಿನ ಹಾಡೂ

ನಲವತ್ತು ವರುಷದ ಆಸುಪಾಸಿನ ನಾವು ಕೆಲವರು ಕೂಡಿದಲ್ಲಿ ವಾಕ್‌ಮನ್ ಎಂಬ ಸಣ್ಣ ಯಂತ್ರದ ಮಾತು ಬಂದರೆ ಎಲ್ಲರ ಮುಖವೂ ಅರಳುತ್ತದೆ. ಕ್ಯಾಸೆಟ್ಟಿನ ಸುರುಳಿ ಸಡಿಲಾದಾಗ ಪೆನ್ಸಿಲಿನಿಂದ ಸುತ್ತಿದ್ದು, ಸೆಲ್ಲು ಸೋತಾಗ ಹಾಡುಗಾರನ ಧ್ವನಿ ಎಳೆದಾಡಿದ್ದು ಎಲ್ಲವೂ ನೆನಪಾಗಿ, “ಆ ಕಾಲವೇ ಚೆನ್ನಾಗಿತ್ತು” ಎಂಬ ಮಾತು ಹೊರಡುತ್ತದೆ. ಈ ಮಾತು ಸತ್ಯವೋ ಎಂದು ವಿಚಾರಿಸುವದು ಒಳ್ಳೇದು. ಯಾಕಂದರೆ ಅದರ ಬೆನ್ನಿಗೇ ಮಕ್ಕಳ ಮೇಲಣ ಗದರಿಕೆಯೂ ಬರುತ್ತದೆ.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪೆನಿಯವರು 1963ರಲ್ಲಿ ಹೊರತಂದರು. 1979ನೆಯ ಜುಲೈ 1ರಂದು ಜಪಾನಿನ ಸೋನಿ ಕಂಪೆನಿಯವರು ಮೊದಲನೆಯ ವಾಕ್‌ಮನ್ನನ್ನು ಮಾರಾಟಕ್ಕಿಟ್ಟರು. ಒಬ್ಬನೇ ಹಾಡು ಕೇಳುತ್ತಾ ಕೂಡುವದು ಮರ್ಯಾದೆಯಲ್ಲವೆಂದು ಆ ಕಂಪೆನಿಯ ಅಕಿಯೊ ಮೊರಿತಾ ಎಂಬವರು ಎಣಿಸಿದ್ದರಿಂದ, ಇಬ್ಬರು ಕೂಡಿ ಕೇಳುವ ಹಾಗೆ ಅದರಲ್ಲಿ ಎರಡು ರಂಧ್ರಗಳನ್ನು ಇಟ್ಟಿದ್ದರು. ಒಂದು ಗುಂಡಿಯನ್ನು ಒತ್ತಿದರೆ ಹಾಡು ತಗ್ಗಿ ಒಬ್ಬರ ಮಾತು ಮತ್ತೊಬ್ಬರಿಗೆ ಕೇಳುತ್ತಿತ್ತು. ಆದರೆ ಕೊಂಡವರು ಅದನ್ನು ತಮ್ಮೊಬ್ಬರದೆಂದೇ ಎಣಿಸಿದರು; ಮುಂದಿನ ಯಂತ್ರಗಳಲ್ಲಿ ಆ ಮಾತಿನ ಗುಂಡಿ ಇಲ್ಲದೆ ಹೋಯಿತು. 2010ರಲ್ಲಿ ಜಪಾನಿನಲ್ಲಿ ಕ್ಯಾಸೆಟ್ಟಿನ ವಾಕ್‌ಮನ್ನೇ ನಿಂತುಹೋಯಿತು.

ಮಣ್ಣೂರಿನ ಸೀಮೆಯಲ್ಲಿ ಹಾಡೆಂಬದು ಹಿಂದಿನಿಂದಲೂ ಕೂಡಿದವರ ಸೊತ್ತು. ಕಣದಲ್ಲಿ ಎತ್ತುಗಳ ಹಿಂದೆ ಹಂತಿಯ ಪದ, ಬೀಸುವ ಕಲ್ಲಿನ ಮುಂದೆ ಹೆಂಗಸರ ಪದ, ಮೊಹರಮ್ಮಿನಲ್ಲಿ ರಿವಾಯತ್ ಪದ. ಒಬ್ಬರು ಎತ್ತಿದ ಸೊಲ್ಲನ್ನು ಮಿಕ್ಕವರು ಹಿಡಿಯುವರು. ಅಂಥ ಸೀಮೆಗೆ ವಾಕ್‌ಮನ್ ಬಂದಾಗ, ಕರೆದರೆ ಓ ಎನ್ನದ ಹುಡುಗರನ್ನು ಕಂಡು ಹಿರಿಯರು ಬೇಸರಪಟ್ಟರು. ಅವರು ದೂರಿದ್ದನ್ನೇ ನಾವು ಈಗ ಹೊಗಳಿ, ಮಕ್ಕಳ ಮೊಬೈಲನ್ನು ದೂರುತ್ತೇವೆ. ಮುಂದೆ ಈ ಮಕ್ಕಳೂ ಮೊಬೈಲನ್ನು ಹೊಗಳಿ ಇನ್ನೊಂದನ್ನು ದೂರುವರು. ಹೀಗಿರಲಾಗಿ ನಾವು ಕಂಡ ಒಳ್ಳೇತನವು ಯಂತ್ರದ್ದಲ್ಲ. ನಾವು ಹಂಬಲಿಸುವದು ಆಗಿನ ನಮ್ಮ ಎಳೆತನವನ್ನು, ಆಗ ಮನೆಯಲ್ಲಿ ಬದುಕಿದ್ದವರನ್ನು. ಇದಲ್ಲದೆ, ಅಂಥ ಯಂತ್ರವು ಅನೇಕರ ಮನೆಗಳಲ್ಲಿ ಇರಲೇ ಇಲ್ಲ. ಬಾಗಲಲ್ಲಿ ನಿಂತು ನೋಡಿ ಹೋದ ಮಗುವಿಗೆ ಆ ಕಾಲವು ಚೆನ್ನಾಗಿತ್ತೋ?

ಹಾಗಾದರೆ ಈ ಹಂಬಲವೇ ತಪ್ಪೋ? ಹಾಗಲ್ಲ. ಅದರಲ್ಲಿ ಕಾಳೂ ಹೊಟ್ಟೂ ಬೆರೆತಿರುವದರಿಂದ ತೂರಿ ನೋಡತಕ್ಕದ್ದು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದೊಂದು ಮಗ್ಗುಲು ಮೂವತ್ತೇ ನಿಮಿಷ. ಬೇಕಾದ ಹಾಡಿಗೆ ಹಾರಿ ಹೋಗುವದು ಸುಲಭವಲ್ಲದ್ದರಿಂದ ಬೇಡವಾದ ಹಾಡನ್ನೂ ತಾಳಿಕೊಂಡು ಕೇಳಿದೆವು. ಕೇಳುತ್ತಾ ಕೇಳುತ್ತಾ ಅದೂ ಪ್ರಿಯವಾಯಿತು. ಕ್ಯಾಸೆಟ್ಟುಗಳು ಕೆಲವೇ ಇದ್ದದರಿಂದ ಜೋಪಾನ ಮಾಡಿದೆವು. ಒಂದೇ ತಂತಿಯ ಎರಡು ತುದಿಗಳನ್ನು ಅಣ್ಣತಮ್ಮಂದಿರು ಹಂಚಿಕೊಂಡು ತಲೆಗೆ ತಲೆ ತಾಗಿಸಿ ಕೂತರು. ತಾಳ್ಮೆ, ಜೋಪಾನ, ಹಂಚಿಕೆ, ಈ ಮೂರೇ ಅದರ ಕಾಳು. ಇವು ಯಾವ ಯಂತ್ರದೊಡನೆಯೂ ಸಾಯುವಂಥವಲ್ಲ.

ಆದದರಿಂದ ನೆನಪನ್ನು ಮಕ್ಕಳಿಗೆ ಬೆತ್ತವಾಗಿ ಹಿಡಿಯಬಾರದು. ಬೀಸುವ ಪದ ಬಲ್ಲ ಅಜ್ಜಿಯು ಊರಲ್ಲಿ ಇನ್ನೂ ಇದ್ದರೆ, ಆಕೆಯ ಧ್ವನಿಯನ್ನು ಅದೇ ಮೊಬೈಲಿನಲ್ಲಿ ಹಿಡಿದಿಡಲು ಮಕ್ಕಳಿಗೆ ಹೇಳೋಣ. ಮಗನು ಕಿವಿಗೆ ತಂತಿ ಹಾಕಿಕೊಂಡಿದ್ದರೆ ಹತ್ತಿರ ಕೂತು, “ಏನು ಕೇಳುತ್ತೀಯಪ್ಪಾ? ನನಗೂ ಒಂದು ತುದಿ ಕೊಡು” ಅನ್ನೋಣ. ಹಾಡು ನಮಗೆ ಹಿಡಿಸದೆ ಹೋದೀತು. ಆದಾಗ್ಯೂ ಮಗ್ಗುಲು ಮುಗಿಯುವ ತನಕ ತಾಳಿಕೊಂಡು ಕೇಳುವದನ್ನು ನಾವು ಕಲಿತವರಲ್ಲವೋ?