ಹಂಗಿಲ್ಲದ ಪಯಣ

ಶಾಲೆಯ ಬಸ್ಸಿಗೂ ಒಂದು ಮುಪ್ಪು ಉಂಟು. ಹತ್ತು ಹನ್ನೆರಡು ವರ್ಷ ಮಣಿಪಾಲದ ಏರನ್ನೂ ಕಾರ್ಕಳದ ತಿರುವುಗಳನ್ನೂ ಕಾಪುವಿನ ಉಪ್ಪುಗಾಳಿಯನ್ನೂ ಉಂಡು, ತಗಡಿನ ಅಂಚಿಗೆ ತುಕ್ಕು ಹಿಡಿಯುವ ಹೊತ್ತಿಗೆ ಅದನ್ನು ಮಾರಿಬಿಡುತ್ತಾರೆ. ಕೊಂಡವನು ಅದನ್ನು ಒಡೆದು ಕಬ್ಬಿಣದ ತೂಕಕ್ಕೆ ಹಾಕಬಹುದು. ಇಲ್ಲವೆ ಇನ್ನೂ ಕೆಲವು ವರ್ಷ ಬೇರೆ ಯಾವುದಾದರೂ ದುಡಿಮೆಗೆ ಹಚ್ಚಬಹುದು. ಇವೆರಡೂ ಅಲ್ಲದ ಮೂರನೆಯ ದಾರಿಯೊಂದುಂಟು. ಸೀಟುಗಳನ್ನು ಕಿತ್ತು, ಮಂಚ ಹಾಕಿ, ಒಲೆ ಹೂಡಿ, ಅದನ್ನು ಓಡಾಡುವ ಮನೆಯಾಗಿ ಮಾಡಿಕೊಳ್ಳುವುದು. ಅಮೆರಿಕದಲ್ಲಿ ಇದು ಬಹಳ ಜನರಿಗೆ ಹತ್ತಿದ ಹವ್ಯಾಸ. ಅಲ್ಲಿ ಕೆಲವರು ಬಸ್ಸಿನ ಮುಂದಿನ ಭಾಗದಲ್ಲಿ ಸಂಸಾರ ಹೂಡಿ, ಹಿಂದಿನ ಭಾಗದಲ್ಲಿ ಮೋಟಾರು ಸೈಕಲ್ಲು, ಸಣ್ಣ ದೋಣಿ ಮೊದಲಾದುವನ್ನು ಏರಿಸಿಕೊಂಡು ಹೊರಡುತ್ತಾರೆ. ಅಂಥ ವಾಹನಕ್ಕೆ ಅವರೇ ಇಟ್ಟ ಹೆಸರು ‘ಆಟಿಕೆ ಹೊರುವ ಬಂಡಿ’ ಎಂದು. ದೊಡ್ಡವರು ತಮ್ಮ ಸಾಮಾನನ್ನು ಆಟಿಕೆಯೆಂದು ಒಪ್ಪಿಕೊಳ್ಳುವುದು ಅಪರೂಪ. ಅಷ್ಟರ ಮಟ್ಟಿಗೆ ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಮಣಿಪಾಲದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನಿಗೆ ಈ ಯೋಚನೆ ಹತ್ತಿ ಆರು ತಿಂಗಳಾಯಿತು. ಬಸ್ಸನ್ನು ಇನ್ನೂ ಕೊಂಡಿಲ್ಲ. ನಕ್ಷೆ ಮಾತ್ರ ಸಿದ್ಧವಾಗಿದೆ. ಅದನ್ನು ನನ್ನ ಮುಂದೆ ಹರಡಿ ಅವನು ಹೇಳಿದ: “ಯಾರ ಹಂಗೂ ಇಲ್ಲ ನೋಡಿ ಮಾವ. ಲಾಡ್ಜಿನವರ ಹಂಗಿಲ್ಲ, ಹೋಟೆಲಿನವರ ಹಂಗಿಲ್ಲ. ನೆಂಟರ ಹಂಗಂತೂ ಇಲ್ಲವೇ ಇಲ್ಲ.” ಈ ಕೊನೆಯ ಮಾತನ್ನು ಆಡುವಾಗ ಅವನ ಕೈಯಲ್ಲಿದ್ದುದು ನಮ್ಮ ಮನೆಯ ಕಾಫಿ. ಅದಿರಲಿ. ಅವನ ಮಾತಿನಲ್ಲಿ ಒಂದು ಗಂಭೀರವಾದ ಪ್ರಶ್ನೆ ಅಡಗಿದೆಯೆಂದು ನನಗೆ ತೋರಿತು. ಯಾರ ಹಂಗೂ ಇಲ್ಲದೆ ಬಾಳುವುದು ಸಾಧ್ಯವೆ? ಸಾಧ್ಯವಾದರೂ ಅದು ಬಯಸತಕ್ಕದ್ದೆ?

ಬಸ್ಸು ಮನೆಯಾದ ಮೇಲೆ ಅದು ಅದೇ ಬಸ್ಸೇ, ಬೇರೆಯೇ ಎಂದು ಕೇಳುವವರೂ ಉಂಟು. ಆ ಪ್ರಶ್ನೆ ಬಹಳ ಹಳೆಯದು. ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಅದೇ ಹಡಗೇ ಎಂದು ಗ್ರೀಕರು ವಾದಿಸುತ್ತಿದ್ದುದನ್ನು ಪ್ಲೂಟಾರ್ಕನು ಬರೆದಿಟ್ಟಿದ್ದಾನೆ. ನಮ್ಮ ಕಡೆ ಭಿಕ್ಷು ನಾಗಸೇನನು ಮಿಲಿಂದ ರಾಜನನ್ನು, ರಥವೆಂದರೆ ಚಕ್ರವೇ, ಅಚ್ಚೇ, ನೊಗವೇ ಎಂದು ಕೇಳಿ, ಇವೆಲ್ಲ ಕೂಡಿದ್ದಕ್ಕೆ ನಾವಿಟ್ಟ ಹೆಸರೇ ರಥವೆಂದು ತಿಳಿಯಪಡಿಸಿದನು. ನಮ್ಮ ಬಸ್ಸಿನ ಮಟ್ಟಿಗೆ ಚಕ್ರ, ಅಚ್ಚು, ಎಂಜಿನು ಎಲ್ಲವೂ ಇದ್ದ ಹಾಗೆಯೇ ಇರುತ್ತವೆ. ಬದಲಾಗುವುದು ಅದು ಯಾರಿಗಾಗಿ ಓಡುತ್ತದೆ ಎಂಬುದು. ಆದ್ದರಿಂದ ನಮಗೆ ಬೇಕಾದದ್ದು ಹಲಗೆಯ ಲೆಕ್ಕವಲ್ಲ, ಹಂಗಿನ ಲೆಕ್ಕ.

ಮೊದಲು ಆ ಬಸ್ಸು ಯಾರದಾಗಿತ್ತು ಎಂಬುದನ್ನು ನೋಡೋಣ. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಶಾಲೆಯ ಬಸ್ಸೆಂದರೆ ವಿದ್ಯಾಸಂಸ್ಥೆಯ ಒಡೆತನದಲ್ಲಿದ್ದು, ಅಲ್ಲಿನ ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಒಯ್ಯುವುದಕ್ಕೆ ಮಾತ್ರ ಬಳಸುವ ವಾಹನ. ಅದರ ಹಳದಿ ಬಣ್ಣಕ್ಕೂ ಒಂದು ಇತಿಹಾಸವುಂಟು. ೧೯೩೯ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಕೂಡಿಸಿದ ಸಭೆಯಲ್ಲಿ, ಮುಂಜಾವದ ಮಬ್ಬಿನಲ್ಲಿಯೂ ಎದ್ದು ಕಾಣುವ ಬಣ್ಣವೆಂದು ಅದನ್ನು ಆರಿಸಿದರು. ನಮ್ಮ ಸುಪ್ರೀಂ ಕೋರ್ಟು ೧೯೯೭ರಲ್ಲಿ ಶಾಲಾ ಬಸ್ಸಿನ ಕಿಟಕಿಗೆ ಅಡ್ಡ ಸರಳು, ಒಳಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ವೇಗಕ್ಕೊಂದು ಕಡಿವಾಣ ಇರಬೇಕೆಂದು ವಿಧಿಸಿತು. ಬಣ್ಣ, ಸರಳು, ವೇಗ ಎಲ್ಲವೂ ಒಳಗೆ ಕುಳಿತ ಇನ್ನೊಬ್ಬರ ಮಕ್ಕಳಿಗಾಗಿ. ಉಡುಪಿಯ ಸಿಟಿ ಬಸ್ಸಿನಲ್ಲಿ ಕಂಡಕ್ಟರನು “ರೈಟ್ ಪೋಯಿ” ಎಂದರೆ ಮುಗಿಯಿತು, ಓಡಿಬರುವವನಿಗಾಗಿ ಅದು ನಿಲ್ಲುವುದು ಅವನ ಪುಣ್ಯ. ಶಾಲೆಯ ಬಸ್ಸು ಹಾಗಲ್ಲ. ಅದಕ್ಕೆ ತನ್ನ ಪ್ರಯಾಣಿಕರ ಹೆಸರು ಗೊತ್ತು, ಮನೆ ಗೊತ್ತು. ಒಂದು ಮಗು ಬೂಟು ಹಾಕಿಕೊಳ್ಳುವುದು ತಡವಾದರೆ ಗೇಟಿನ ಮುಂದೆ ನಿಂತು ಕಾಯುತ್ತದೆ. ಆ ಕಾಯುವಿಕೆಯೇ ಹಂಗು. ಹಿಂದಿನ ಮನೆಯಲ್ಲಿ ತಡವಾದುದಕ್ಕೆ ಮುಂದಿನ ಮನೆಯ ಮಗು ಮಳೆಯಲ್ಲಿ ನಿಲ್ಲಬೇಕು. ನಾಳೆ ಅದರ ಸರದಿಯಲ್ಲಿ ಇದು ನಿಲ್ಲಬೇಕು.

ಇಂಥ ಬಸ್ಸನ್ನು ಯಾರ ಹಂಗೂ ಇಲ್ಲದ ಮನೆಯಾಗಿ ಮಾಡುವುದು ಹೇಗೆ? ಅಳಿಯನ ನಕ್ಷೆಯಲ್ಲಿ ಎಲ್ಲಕ್ಕೂ ಉತ್ತರವಿದೆ. ಮಾಡಿನ ಮೇಲೆ ಸೌರಫಲಕ, ನೆಲದ ಕೆಳಗೆ ಬ್ಯಾಟರಿ, ಒಂದು ಮೂಲೆಯಲ್ಲಿ ಗ್ಯಾಸ್ ಒಲೆ, ಇನ್ನೂರು ಲೀಟರಿನ ನೀರಿನ ಟಾಂಕಿ. ಇನ್ನೂರು ಲೀಟರು ನೀರೆಂದರೆ ಇನ್ನೂರು ಕಿಲೋ, ಅಂದರೆ ಆರೇಳು ಶಾಲಾಮಕ್ಕಳ ತೂಕ. ಅದನ್ನು ಒಂದೇ ಪಕ್ಕಕ್ಕೆ ಇಟ್ಟರೆ ಬಸ್ಸು ವಾಲುತ್ತದೆ. ಹಿಂದೆ ಮೋಟಾರು ಸೈಕಲ್ಲು ಏರಿಸಲು ಒಂದು ಇಳಿಜಾರು ಹಲಗೆ. ಪೆಟ್ರೋಲಿನ ಆವಿ ಒಲೆಯಿದ್ದಲ್ಲಿಗೆ ಬಾರದಂತೆ ನಡುವೆ ಭದ್ರವಾದ ಗೋಡೆ. ಮೇ ತಿಂಗಳಲ್ಲಿ ತಗಡು ಕಾಯದಂತೆ ಒಳಗೊಂದು ಹೊದಿಕೆ. ಜೂನಿನಲ್ಲಿ ಮಳೆ ಹಿಡಿದರೆ ಸೀಟಿನ ಬೋಲ್ಟು ಕಿತ್ತ ತೂತುಗಳಿಂದ ನೀರು ಚಿಮ್ಮದಂತೆ ಬೆಸುಗೆ. ಎಲ್ಲವೂ ಚೆನ್ನಾಗಿದೆ.

ಆದರೆ ಆ ಟಾಂಕಿಯ ನೀರು ಮೂರು ದಿನಕ್ಕೆ ಮುಗಿಯುತ್ತದೆ. ಆಗ ಯಾರದೋ ಬಾವಿ ಬೇಕು. ಪಾತ್ರೆ ತೊಳೆದ ನೀರು, ಕಕ್ಕಸಿನ ನೀರು ಇನ್ನೊಂದು ಟಾಂಕಿಯಲ್ಲಿ ತುಂಬುತ್ತದೆ. ಅದನ್ನು ಖಾಲಿ ಮಾಡಲು ಯಾರದೋ ನೆಲ ಬೇಕು. ರಾತ್ರಿ ನಿಲ್ಲಿಸಲು ಒಂದು ಜಾಗ ಬೇಕು. ಕಾಪುವಿನ ಬಂಡೆಯ ಮೇಲೆ ೧೯೦೧ರಿಂದ ನಿಂತಿರುವ ದೀಪಸ್ತಂಭದ ಕೆಳಗೆ, ಅಲೆಯ ಸದ್ದು ಕೇಳುತ್ತ ಮಲಗಬೇಕೆಂದು ಅಳಿಯನ ಆಸೆ. ಆಸೆಯೇನೋ ಸೊಗಸಾದದ್ದು. ಆದರೆ ಆ ಕಡಲತಡಿ ಮೀನುಗಾರರು ಬಲೆ ಹರಡುವ ತಾಣ, ದೋಣಿ ಎಳೆಯುವ ತಾಣ. ಲಾಡ್ಜಿಗೆ ಹೋದವನು ಹಣ ತೆತ್ತು ಋಣ ತೀರಿಸುತ್ತಾನೆ. ನೆಂಟರ ಮನೆಗೆ ಹೋದವನು ಉಂಡ ಎಲೆಯ ಮುಂದೆ ತಲೆ ತಗ್ಗಿಸಿ ಋಣವನ್ನು ಒಪ್ಪಿಕೊಳ್ಳುತ್ತಾನೆ. ಚಕ್ರದ ಮನೆಯವನು ತಾನು ಯಾರಿಂದಲೂ ಏನನ್ನೂ ಪಡೆಯಲಿಲ್ಲವೆಂದು ಭಾವಿಸಿ ಬೆಳಿಗ್ಗೆ ಹೊರಟುಬಿಡುವ ಅಪಾಯವಿದೆ. ಅವನ ಹಂಗು ಹರಿದಿಲ್ಲ. ಅವನ ಕಣ್ಣಿಗೆ ಕಾಣದಾಗಿದೆ, ಅಷ್ಟೆ.

ಮನೆ ಬಿಟ್ಟು ಹೊರಡುವುದರಲ್ಲಿ ಇದಕ್ಕೆ ತೀರ ವಿರುದ್ಧವಾದ ದಾರಿಯೊಂದನ್ನೂ ನಮ್ಮ ಜಿಲ್ಲೆ ಕಂಡಿದೆ. ಉಡುಪಿಯಿಂದ ಮೂಡಲಿಗೆ ಹೊರಟರೆ ಒಂದು ಗಂಟೆಯ ಹಾದಿಯಲ್ಲಿ ಕಾರ್ಕಳ. ಅಲ್ಲಿ ೧೪೩೨ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ನಲವತ್ತೆರಡು ಅಡಿಯ ಬಾಹುಬಲಿ ಇದ್ದಾನೆ. ಮೈಮೇಲೆ ಒಂದು ನೂಲೂ ಇಲ್ಲ. ಅವನ ದಾರಿ ಹಿಡಿದ ದಿಗಂಬರ ಮುನಿಗಳು ಇಂದಿಗೂ ನವಿಲುಗರಿಯ ಪಿಂಛಿಯನ್ನೂ ಕಮಂಡಲವನ್ನೂ ಮಾತ್ರ ಹಿಡಿದು ಕಾಲ್ನಡೆಯಲ್ಲಿ ಸಂಚರಿಸುತ್ತಾರೆ. ದಿನಕ್ಕೊಮ್ಮೆ, ಶ್ರಾವಕರು ಕೊಟ್ಟ ಆಹಾರವನ್ನು ಬೊಗಸೆಯಲ್ಲಿ ಉಣ್ಣುತ್ತಾರೆ. ಎಲ್ಲವನ್ನೂ ಬಿಟ್ಟವನು ಪ್ರತಿ ತುತ್ತಿಗೂ ಇನ್ನೊಬ್ಬರ ಕೈಯನ್ನು ನೋಡಬೇಕು. ಎಲ್ಲವನ್ನೂ ಹೊತ್ತವನು ಯಾರನ್ನೂ ನೋಡಬೇಕಾಗಿಲ್ಲ. ಬಾಹುಬಲಿಯ ವಿಷಯದಲ್ಲಿ ಜನ ಹೇಳುವ ಕಥೆಯೊಂದು ಇನ್ನೂ ಸೂಕ್ಷ್ಮವಾದದ್ದು. ರಾಜ್ಯವನ್ನೆಲ್ಲ ತೊರೆದು, ಬಳ್ಳಿ ಹಬ್ಬುವ ತನಕ ಅಲುಗಾಡದೆ ನಿಂತರೂ ಅವನಿಗೆ ಜ್ಞಾನ ಲಭಿಸಲಿಲ್ಲವಂತೆ. ‘ನಾನು ನಿಂತಿರುವ ನೆಲ ಭರತನದು’ ಎಂಬ ಮುಳ್ಳು ಮನಸ್ಸಿನಲ್ಲಿ ಉಳಿದಿತ್ತು. ಅಣ್ಣನೇ ಬಂದು, ಈ ನೆಲ ನನ್ನದೂ ಅಲ್ಲ, ಯಾರದೂ ಅಲ್ಲ ಎಂದು ಕೈಮುಗಿದ ಮೇಲೆ ಆ ಮುಳ್ಳು ಹೋಯಿತು. ಬಟ್ಟೆಯನ್ನೂ ಬಿಟ್ಟವನಿಗೆ ಹಂಗನ್ನು ಸಹಿಸುವುದು ಕಷ್ಟವಾಯಿತು! ಹಂಗಿಲ್ಲದೆ ನಿಲ್ಲುತ್ತೇನೆಂಬ ಹಠವೂ ಅಭಿಮಾನದ ಒಂದು ರೂಪವೇ ಎಂದು ಆ ಕಥೆಯಿಂದ ನಾನು ತಿಳಿಯುತ್ತೇನೆ.

ಇಷ್ಟು ಹೇಳಿ ಮುಗಿಸಿದರೆ ಅನ್ಯಾಯವಾದೀತು. ಹಂಗು ಯಾವಾಗಲೂ ಸಿಹಿಯಾದುದಲ್ಲ. ನಮ್ಮ ಹಿರಿಯರ ಆತಿಥ್ಯವನ್ನು ಹೊಗಳುವಾಗ, ಜಗಲಿಗೆ ಬಂದವನ ಜಾತಿ ಕೇಳಿ ಎಲೆ ಹಾಕುತ್ತಿದ್ದ ಸಂಗತಿಯನ್ನು ನಾವು ಮರೆಯುತ್ತೇವೆ. ಕೆಲವರಿಗೆ ಒಳಗಿನ ಪಂಕ್ತಿ, ಕೆಲವರಿಗೆ ಅಂಗಳ, ಕೆಲವರಿಗೆ ಅಂಗಳವೂ ಇಲ್ಲ. ಬಾವಿಯಿಂದ ತಾನೇ ನೀರು ಸೇದುವಂತಿಲ್ಲದೆ, ಸೇದಿ ಹೊಯ್ಯುವವರ ದಯೆಗಾಗಿ ಕಾದು ನಿಂತವನಿಗೆ ‘ಹಂಗಿನಲ್ಲಿ ಬಾಂಧವ್ಯವಿದೆ’ ಎಂದು ಉಪದೇಶಿಸುವುದು ಕ್ರೂರವಾದೀತು. ಅಂಥವನ ಮೊಮ್ಮಗ ತನ್ನ ಒಲೆ, ತನ್ನ ಹಾಸಿಗೆ, ತನ್ನ ನೀರನ್ನು ತಾನೇ ಹೊತ್ತು ಹೊರಟರೆ ಅದು ಬಿಡುಗಡೆಯೇ ಸರಿ. ಒಬ್ಬಳೇ ಪ್ರಯಾಣ ಮಾಡುವ ಹೆಂಗಸಿಗೂ ಒಳಗಿನಿಂದ ಚಿಲಕ ಹಾಕಬಲ್ಲ ಬಾಗಿಲು ದೊಡ್ಡ ವಸ್ತು. ೨೦೨೦ರಲ್ಲಿ ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮದವರು ಹಳೆಯ ಬಸ್ಸೊಂದನ್ನು ಹೆಂಗಸರ ಶೌಚಾಲಯವಾಗಿ ಮಾರ್ಪಡಿಸಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇಟ್ಟರು. ಎಳೆಮಕ್ಕಳಿಗೆ ಹಾಲೂಡಿಸುವ ತಾವೂ ಅದರಲ್ಲಿತ್ತು. ಅದೇ ವರ್ಷ ಕೇರಳದ ನಿಗಮದವರು ಮುನ್ನಾರಿನಲ್ಲಿ ಹಳೆಯ ಬಸ್ಸುಗಳಲ್ಲಿ ಮಂಚ ಹಾಕಿ, ಅಗ್ಗದ ಬಾಡಿಗೆಗೆ ಪ್ರವಾಸಿಗಳಿಗೆ ಕೊಟ್ಟರು. ಅಲ್ಲಿಯೂ ಸೀಟು ಕಿತ್ತರು, ಅಲ್ಲಿಯೂ ಬಸ್ಸು ಬೇರೊಂದಾಯಿತು. ಆದರೆ ಮಾರ್ಪಟ್ಟ ಮೇಲೂ ಅದರ ಬಾಗಿಲು ಹತ್ತು ಜನಕ್ಕೆ ತೆರೆದಿತ್ತು.

ಆದ್ದರಿಂದ ಹಂಗಿನಲ್ಲಿ ಎರಡು ಬಗೆಯನ್ನು ಎಣಿಸಬೇಕೆಂದು ತೋರುತ್ತದೆ. ಒಬ್ಬನು ಕೊಡುತ್ತಲೇ ಇದ್ದು, ಇನ್ನೊಬ್ಬನು ಪಡೆಯುತ್ತಲೇ ಇದ್ದು, ಪಡೆದವನು ತಲೆಯೆತ್ತಲಾಗದ ಹಂಗು ಒಂದು. ಅದು ಹರಿಯಲೇಬೇಕು. ಇಂದು ನೀನು ನನಗಾಗಿ ಕಾದೆ, ನಾಳೆ ನಾನು ನಿನಗಾಗಿ ಕಾಯುತ್ತೇನೆ ಎಂಬ, ಶಾಲೆಯ ಬಸ್ಸಿನ ಹಂಗು ಇನ್ನೊಂದು. ಅದನ್ನು ಹರಿದರೆ ನಾವು ಸ್ವತಂತ್ರರಾಗುವುದಿಲ್ಲ, ಒಂಟಿಗಳಾಗುತ್ತೇವೆ. ನಮ್ಮ ಯಕ್ಷಗಾನ ಮೇಳಗಳನ್ನು ನೋಡಿ. ಹಿಂದೆ ವೇಷದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರು. ಈಗ ವಾಹನದಲ್ಲಿ ಹೋಗುತ್ತಾರೆ. ಪತ್ತನಾಜೆಯ ತನಕ ಊರಿಂದೂರಿಗೆ ತಿರುಗುವ ಅವರೂ ಕಿರೀಟ, ಬಣ್ಣ, ಚೆಂಡೆಗಳೆಂಬ ತಮ್ಮ ಆಟದ ಸಾಮಾನನ್ನೆಲ್ಲ ಹೊತ್ತೇ ತಿರುಗುತ್ತಾರೆ. ಆದರೆ ಹರಕೆಯ ಆಟ ಆಡಿಸುವ ಮನೆಯವರು ಮೇಳಕ್ಕೆ ಊಟ ಹಾಕುತ್ತಾರೆ, ಮೇಳದವರು ಊರಿಗೆ ಒಂದು ರಾತ್ರಿಯ ಆಟ ಕೊಡುತ್ತಾರೆ. ಯಾರು ಯಾರ ಹಂಗಿನಲ್ಲಿದ್ದಾರೆಂದು ಬೆಳಗಿನ ಹೊತ್ತಿಗೆ ಹೇಳುವುದು ಕಷ್ಟ.

ಆಟಿಕೆಯ ವಿಷಯದಲ್ಲಿ ನನಗೆ ತಕರಾರಿಲ್ಲ. ಮಕ್ಕಳನ್ನು ಹೊತ್ತ ಬಸ್ಸು ಕೊನೆಗಾಲದಲ್ಲಿ ಆಟದ ಸಾಮಾನು ಹೊತ್ತರೆ ಮಕ್ಕಳಂತೂ ಬೇಸರಪಡಲಾರರು. ದುಡಿಮೆಗಿಂತ ಆಟ ಕೀಳು ಎಂಬ ಭಾವನೆ ದುಡಿಸಿಕೊಳ್ಳುವವರಿಗೆ ಅನುಕೂಲವಾದದ್ದು. ಆಟಕ್ಕೆ ಜೊತೆ ಬೇಕು, ನಿಯಮ ಬೇಕು. ಬಲೆ ಒಣಗಿಸುವ ಮರಳಿನ ಮೇಲೆ ಮೋಟಾರು ಸೈಕಲ್ಲು ಹರಿಸಿದರೆ ಅದು ಆಟವಲ್ಲ, ದಾಳಿ.

ಇನ್ನು ಕಾನೂನು. ಅದೇ ಕಾಯಿದೆಯ ೫೨ನೆಯ ಕಲಮಿನ ಮೇರೆಗೆ, ನೋಂದಣಿ ಪತ್ರದ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಒಡೆಯನು ವಾಹನವನ್ನು ತನಗೆ ತೋಚಿದಂತೆ ಬದಲಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಬಿಗಿಯಾಗಿ ಎತ್ತಿ ಹಿಡಿಯಿತು. ಯಾರ ಹಂಗೂ ಬೇಡವೆನ್ನುವ ಮನೆಗೆ ಮೊದಲ ಮೊಳೆ ಹೊಡೆಯುವ ಮುನ್ನ ಸಾರಿಗೆ ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲಬೇಕು. ತಗಡು ನನ್ನದಾದರೂ ರಸ್ತೆ ಎಲ್ಲರದು ಎಂಬುದೇ ಅದರ ಅರ್ಥವಿರಬೇಕು.

ಹೋಗುವವರು ಹೋಗಲಿ. ಅಂಥ ಮನೆಯಲ್ಲಿ ಮಕ್ಕಳು ಕುಳಿತಿದ್ದ ಸೀಟುಗಳಲ್ಲಿ ಒಂದನ್ನಾದರೂ ಕೀಳದೆ ಉಳಿಸಿಕೊಂಡರೆ ಒಳ್ಳೆಯದು. ಟಾಂಕಿ ಬರಿದಾದ ದಿನ ರಸ್ತೆಬದಿಯ ನಳ್ಳಿಯನ್ನು ಹುಡುಕದೆ ಯಾರದಾದರೂ ಮನೆಯ ದಣಪೆ ದಾಟಿ, “ಅಮ್ಮಾ, ಸ್ವಲ್ಪ ನೀರು ಕೊಡುತ್ತೀರಾ?” ಎಂದು ಕೇಳಬೇಕು. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬಂದವರಿಗೆ ಬೆಲ್ಲವನ್ನೂ ನೀರನ್ನೂ ಕೊಡುವ ವಾಡಿಕೆ ಇನ್ನೂ ಪೂರ್ತಿ ಹೋಗಿಲ್ಲ. ಆ ಮನೆಯವರಿಗೆ ಪೇಟೆಗೆ ಹೋಗುವ ಕೆಲಸವಿದ್ದರೆ, ಬಸ್ಸಿನಲ್ಲಿ ಒಂದು ಸೀಟು ಇದ್ದೇ ಇದೆಯಲ್ಲ.